ಝೆಟಲ್‌ಮನ್ ಎಂಬ ಹೆಸರಿನ ಜಾಡು ಹಿಡಿದ ಅಕ್ಕ

ಅಕ್ಕ ಹೋದ ತಿಂಗಳು ಕೆಲಸ ಬಿಟ್ಟರು. ತಿರುಪ್ಪೂರಿನ ನಮ್ಮ ಬನಿಯನ್ ಕಂಪನಿಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವರಷ್ಟು ಹಳಬರು ಇನ್ನೊಬ್ಬರಿರಲಿಲ್ಲ. ಬೀಳ್ಕೊಡುವ ದಿನ ಮ್ಯಾನೇಜರು ಮಾತಾಡುತ್ತಾ, "ಇವರು ನೋಡಿ ಕಳಿಸಿದ ಒಂದು ಪೀಸೂ ಅಕ್ಷರ ತಪ್ಪಿದೆ ಅಂತ ವಾಪಸ್ ಬಂದಿಲ್ಲ" ಎಂದರು. ಹಾರ ಹಾಕಿಸಿಕೊಂಡು ಕೂತಿದ್ದ ಅಕ್ಕ ಎದ್ದು ನಿಂತು, "ಎರಡು ಸಲ ಬಂದಿದೆ ಸಾರ್" ಎಂದು ತಮಿಳಿನಲ್ಲಿ ತಿದ್ದಿ ಮತ್ತೆ ಕೂತರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಅದು ಅವರಿಗೆ ತಮಾಷೆಯ ವಿಷಯವಾಗಿರಲಿಲ್ಲ.

ಅವರ ಕೆಲಸ ಅಕ್ಷರ ನೋಡುವುದು. ಟಿ-ಶರ್ಟಿನ ಎದೆಯ ಮೇಲೆ, ಬೆನ್ನ ಮೇಲೆ, ಕಾಲರಿನ ಪಟ್ಟಿಯ ಮೇಲೆ ಏನು ಅಚ್ಚಾಗಬೇಕೋ ಅದು ಮೊದಲು ಕಾಗದದಲ್ಲಿ ಅವರ ಮೇಜಿಗೆ ಬರುತ್ತಿತ್ತು. ಅವರು ಸಹಿ ಹಾಕಿದ ಮೇಲೇ ಪ್ರಿಂಟಿಂಗಿಗೆ ಹೋಗಬೇಕು. ಓದಿದ್ದು ಎಂಟನೇ ಕ್ಲಾಸು, ಅದೂ ತಮಿಳಿನಲ್ಲಿ. ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಅದೇ ತಮ್ಮ ಬಲ ಎಂದು ಅವರು ನಂಬಿದ್ದರು. ಕಾಗದದ ಮೇಲೆ ಒಂದು ಸ್ಕೇಲು ಇಟ್ಟು, ಪದದ ಕೊನೆಯಿಂದ ಮೊದಲಿಗೆ, ಒಂದೊಂದೇ ಅಕ್ಷರವನ್ನು ತುಟಿ ಅಲ್ಲಾಡಿಸುತ್ತಾ ಹಿಂದುಹಿಂದಕ್ಕೆ ಹೇಳಿಕೊಳ್ಳುತ್ತಿದ್ದರು. ನಾನು ಹೊಸದಾಗಿ ಸೇರಿದಾಗ ಯಾಕೆ ಹೀಗೆ ಎಂದು ಕೇಳಿದ್ದೆ.

"ನೀನು ಓದ್ತೀಯ ಕಣ್ಣು. ಓದಿದ್ರೆ ತಪ್ಪು ಕಾಣಾದಿಲ್ಲ. ನಾನು ನೋಡ್ತೀನಿ," ಎಂದರು. ಕಣ್ಣು ಎಂಬುದು ಈ ಕಡೆ ಚಿಕ್ಕವರನ್ನು ಮುದ್ದಿನಿಂದ ಕರೆಯುವ ಮಾತು.

ಅವರು ನನ್ನೊಡನೆ ಕನ್ನಡ ಮಾತಾಡಿದ್ದು ಅದೇ ಮೊದಲು. ನಾನು ಹಾವೇರಿ ಕಡೆಯವಳು. ಜವಳಿ ಡಿಪ್ಲೊಮಾ ಮುಗಿಸಿ, ಆರ್ಡರು ನೋಡಿಕೊಳ್ಳುವ ಕೆಲಸ ಹಿಡಿದು ತಿರುಪ್ಪೂರಿಗೆ ಬಂದು ಒಂದು ವಾರವಾಗಿತ್ತು. ಆ ವಾರವೆಲ್ಲ ನನ್ನ ಕಿವಿಗೆ ಕನ್ನಡವೇ ಬಿದ್ದಿರಲಿಲ್ಲ. ತಮಿಳಿನ ರಾಗದಲ್ಲಿ ಬಂದ ಆ ನಾಲ್ಕು ಮಾತು ಕೇಳಿ ನಾನು ತಿರುಗಿ ನೋಡಿದೆ. ಅಕ್ಕ ನೆಗಮಂ ಎಂಬ ಊರಿನ ನೇಕಾರರ ಮನೆಯವರಂತೆ. ಎಷ್ಟು ತಲೆಮಾರಿನ ಹಿಂದೆ ಈ ಕಡೆ ಬಂದರೋ ಅವರಿಗೆ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಒಂದಕ್ಷರವನ್ನೂ ಅವರು ಓದಲಾರರು.

ನನ್ನ ಗುರುತಿನ ಚೀಟಿಯನ್ನು ಕೈಗೆ ತೆಗೆದುಕೊಂಡು ಕೊನೆಯಿಂದ ಮೊದಲಿಗೆ ನೋಡಿದರು. "ಉಳ್ಳಾಗಡ್ಡಿ ಅಂದ್ರೆ ಏನು? ಊರಾ, ನಿಮ್ಮಪ್ಪನ ಹೆಸರಾ?"

"ಅಡ್ಡಹೆಸರು ಅಕ್ಕ. ಉಳ್ಳಾಗಡ್ಡಿ ಅಂದ್ರೆ ಈರುಳ್ಳಿ. ಇಲ್ಲಿಯವರು ವೆಂಗಾಯಂ ಅಂತಾರಲ್ಲ, ಅದು."

ಎಲ್ಲರಂತೆ ನಗುತ್ತಾರೆ ಎಂದುಕೊಂಡೆ. "ಯಾಕೆ ಆ ಹೆಸರು ಬಂತು?" ಎಂದು ಕೇಳಿದರು.

"ಗೊತ್ತಿಲ್ರೀ."

"ಇಷ್ಟು ವರ್ಷ ಹೊತ್ಕೊಂಡು ತಿರುಗ್ತಿದೀಯ. ಒಂದು ಸಲನೂ ಕೇಳ್ಲಿಲ್ವಾ?"

ಆ ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಅಜ್ಜನ ಅಜ್ಜ ಉಳ್ಳಾಗಡ್ಡಿ ವ್ಯಾಪಾರ ಮಾಡುತ್ತಿದ್ದಿರಬೇಕು ಎಂದರು ಅಪ್ಪ. ಮರುದಿನ ಅದನ್ನು ಹೇಳಿದರೆ ಅಕ್ಕನಿಗೆ ಸಮಾಧಾನವಾಗಲಿಲ್ಲ. "ಇರಬೇಕು ಅಂದ್ರಾ, ಇತ್ತು ಅಂದ್ರಾ?" ಎಂದು ಕೇಳಿದರು.

ಹೆಸರು ಎಂದರೆ ಅವರಿಗೆ ಅಷ್ಟು ಕುತೂಹಲ. ಈ ಕಡೆ ಯಾರಿಗೂ ಅಡ್ಡಹೆಸರಿಲ್ಲ. ಅಪ್ಪನ ಹೆಸರಿನ ಒಂದಕ್ಷರ ಮುಂದೆ, ಆಮೇಲೆ ತಮ್ಮ ಹೆಸರು, ಅಷ್ಟೆ. ಒಡಿಶಾದಿಂದ ಬಂದ ಟೈಲರು, ಬಿಹಾರದ ಕಾವಲುಗಾರ, ಯಾರೇ ಹೊಸಬರು ಬಂದರೂ ಅಕ್ಕ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಬಾಲ ಹುಡುಕುತ್ತಿದ್ದರು. ಊಟದ ಹೊತ್ತಿಗೆ ಮೆಲ್ಲನೆ ಪಕ್ಕಕ್ಕೆ ಹೋಗಿ ಕೂತು, ಮುರುಕು ಹಿಂದಿಯಲ್ಲಿ ಅದರ ಅರ್ಥ ಕೇಳುತ್ತಿದ್ದರು. ಕೇಳಿದವರು ಮೊದಲು ಗಾಬರಿಯಾಗುತ್ತಿದ್ದರು, ಆಮೇಲೆ ಅವರ ಡಬ್ಬಿಯ ಹುಳಿಯನ್ನ ತಿನ್ನುತ್ತಾ ಊರಿನ ಕತೆಯೆಲ್ಲ ಹೇಳುತ್ತಿದ್ದರು.

ನಾನು ಸೇರಿದ ಎರಡನೇ ವರ್ಷ ಆ ಆರ್ಡರು ಬಂತು. ಅಮೆರಿಕದ ಒಬ್ಬ ಖರೀದಿದಾರರ ಮೂಲಕ ಬಂದದ್ದು. ತೀರಾ ಸಣ್ಣದು, ಮೂರು ರಟ್ಟಿನ ಪೆಟ್ಟಿಗೆಯಷ್ಟು. ಒಂದೇ ಅಡ್ಡಹೆಸರಿನ ಜನ ಅಮೆರಿಕದ ಮೂಲೆ ಮೂಲೆಯಿಂದ ಬಂದು ಒಂದು ಕಡೆ ಸೇರುತ್ತಾರಂತೆ, ಆ ದಿನ ಎಲ್ಲರೂ ತೊಡುವುದಕ್ಕೆ ನೀಲಿ ಟಿ-ಶರ್ಟು, ಎದೆಯ ಮೇಲೆ ಅವರ ಹೆಸರು. ಕಾಗದ ನೋಡುತ್ತಿದ್ದ ಅಕ್ಕ ಸ್ಕೇಲು ಕೆಳಗಿಟ್ಟು ನನ್ನನ್ನು ಕರೆದರು. ಅರ್ಧ ಟಿ-ಶರ್ಟುಗಳಿಗೆ ಝೆಟಲ್‌ಮನ್ ಎಂದಿತ್ತು, ಇನ್ನರ್ಧಕ್ಕೆ ಸೆಟಲ್‌ಮನ್ ಎಂದಿತ್ತು. ಒಂದರ ಮೊದಲಲ್ಲಿ ಝಡ್, ಇನ್ನೊಂದರ ಮೊದಲಲ್ಲಿ ಎಸ್. ನಡುವಿನ ಇ ಮತ್ತು ಎಲ್ ಕೂಡ ಅದಲುಬದಲು.

ಮ್ಯಾನೇಜರು ನೋಡಿ, "ಟೈಪಿಂಗ್ ತಪ್ಪು. ಸೆಟಲ್ ಅನ್ನೋದೇ ಸರಿ ಇಂಗ್ಲಿಷು. ಎಲ್ಲಾ ಎಸ್ ಮಾಡಿ ಅಚ್ಚಿಗೆ ಕಳಿಸಿ" ಎಂದರು. ಹಡಗಿಗೆ ಹಾಕುವ ದಿನ ಹತ್ತಿರವಿತ್ತು.

"ಕೇಳಿಬಿಟ್ಟು ಹಾಕೋಣ ಸಾರ್," ಎಂದರು ಅಕ್ಕ.

"ಅದಕ್ಕೆ ಎರಡು ದಿನ ಹೋಗುತ್ತಮ್ಮಾ. ಸಹಿ ಹಾಕು."

"ಇದು ಮಾತಲ್ಲ ಸಾರ್, ಹೆಸರು. ಹೆಸರಿಗೆ ಸರಿ ಇಂಗ್ಲಿಷು ತಪ್ಪು ಇಂಗ್ಲಿಷು ಇರಾದಿಲ್ಲ."

ಅವರು ಪೆನ್ನು ಮುಚ್ಚಿ ಡ್ರಾಯರಿನಲ್ಲಿಟ್ಟರು. ಮ್ಯಾನೇಜರು ಕೂಗಾಡಲಿಲ್ಲ, ಆದರೆ ಅವತ್ತೆಲ್ಲ ಅಕ್ಕನ ಮೇಜಿನ ಹತ್ತಿರ ಬರಲಿಲ್ಲ. ನಾನು ಮಿಂಚಂಚೆ ಕಳಿಸಿದೆ. ಖರೀದಿದಾರರು ಅದನ್ನು ಆ ಕೂಟ ಏರ್ಪಡಿಸಿದ್ದವರಿಗೇ ದಾಟಿಸಿದರು. ಎರಡನೇ ದಿನ ನೇರವಾಗಿ ಉತ್ತರ ಬಂತು. ಬರೆದವರು ಪೆನ್ಸಿಲ್ವೇನಿಯಾದ ಒಬ್ಬ ಅಜ್ಜಿ, ಶಾಲೆಯೊಂದರ ಗ್ರಂಥಾಲಯದಲ್ಲಿದ್ದು ನಿವೃತ್ತರಾದವರು. ತಪ್ಪಿಲ್ಲ, ಎರಡೂ ಸರಿ, ಕೇಳಿದ್ದು ದೊಡ್ಡ ಉಪಕಾರ ಎಂದು ಬರೆದಿದ್ದರು. ಜರ್ಮನಿಯಿಂದ ಬಂದ ಇಬ್ಬರು ಅಣ್ಣತಮ್ಮಂದಿರ ಸಂತತಿ ಅವರು. ಒಂದು ಕವಲು ಝಡ್ ಉಳಿಸಿಕೊಂಡಿತು, ಇನ್ನೊಂದು ಎಸ್ ಆಯಿತು. ಅದೇ ವಿಷಯಕ್ಕೆ ಮೂರು ತಲೆಮಾರು ಪರಸ್ಪರ ಹೋಗಿಬರುವುದೇ ಇರಲಿಲ್ಲ. ಎರಡೂ ಕಡೆಯವರು ಸೇರುತ್ತಿರುವುದು ಇದೇ ಮೊದಲು. "ಎಲ್ಲದಕ್ಕೂ ಎಸ್ ಅಚ್ಚಾಗಿ ಬಂದಿದ್ದರೆ ನಮ್ಮ ಕಡೆಯವರು ಅರ್ಧ ದಾರಿಯಿಂದಲೇ ವಾಪಸ್ ಹೋಗುತ್ತಿದ್ದರು" ಎಂದಿತ್ತು.

ಅಕ್ಕ ಸಹಿ ಹಾಕಿದರು. ಮ್ಯಾನೇಜರು ಮರುದಿನ ತಾವೇ ಎರಡು ಟೀ ತರಿಸಿ ಒಂದನ್ನು ಅವರ ಮೇಜಿನ ಮೇಲಿಟ್ಟು ಹೋದರು.

ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಅಕ್ಕ ಬಿಡಲಿಲ್ಲ. "ಅಮೆರಿಕಾ ಎಷ್ಟು ದೊಡ್ಡದು. ಅಲ್ಲಿ ಈ ಹೆಸರಿನವರು ಮೂರು ಪೆಟ್ಟಿಗೆ ಜನ ತಾನಾ?" ಎಂದರು. ಆರ್ಡರಿನ ಜೊತೆ ಯಾವ ಊರಿನವರಿಗೆ ಯಾವ ಅಳತೆ ಎಂಬ ಪಟ್ಟಿಯಿತ್ತು. ಊಟದ ಹೊತ್ತಿನಲ್ಲಿ ನನ್ನ ಫೋನಿನಲ್ಲಿ ಅಮೆರಿಕದ ನಕ್ಷೆ ತೆರೆಸಿ, ಒಂದೊಂದೇ ಊರು ಹುಡುಕಿಸಿ, ತಮ್ಮ ನೋಟುಬುಕ್ಕಿನಲ್ಲಿ ಚುಕ್ಕೆ ಇಟ್ಟರು. ಝಡ್‌ಗೆ ಕೆಂಪು, ಎಸ್‌ಗೆ ನೀಲಿ. ವಾರ ಕಳೆಯುವಷ್ಟರಲ್ಲಿ ಅವರೇ ಒಂದು ವಿಷಯ ಕಂಡುಹಿಡಿದರು. ಕೆಂಪೆಲ್ಲ ಪೂರ್ವದ ಸಮುದ್ರಕ್ಕೆ ಹತ್ತಿರ, ಪೆನ್ಸಿಲ್ವೇನಿಯಾದ ಒಂದೆರಡು ಊರಿನಲ್ಲಿ ಗುಂಪುಗುಂಪಾಗಿ. ನೀಲಿ ಒಹಾಯೊದಿಂದ ಪಶ್ಚಿಮಕ್ಕೆ ಒಂದೊಂದಾಗಿ ಚೆಲ್ಲಿದಂತೆ.

"ಇಳಿದ ಜಾಗದಲ್ಲೇ ಇದ್ದವರ ಹೆಸರು ಹಂಗೇ ಇದೆ. ದೂರ ಹೋದವರದ್ದು ಬದಲಾಗಿದೆ. ಕೇಳು ಅವರನ್ನ, ಸರಿ ತಾನಾ ಅಂತ."

ನಾನು ಇಂಗ್ಲಿಷಿನಲ್ಲಿ ಬರೆದು, ಚುಕ್ಕೆ ಇಟ್ಟ ಪುಟದ ಫೋಟೋ ಸೇರಿಸಿ ಕಳಿಸಿದೆ. ಅಮೆರಿಕದ ಅಜ್ಜಿಗೆ ಆಶ್ಚರ್ಯವಾಯಿತು. ಹೌದು, ಅಣ್ಣ ಜರ್ಮನ್ ಮಾತಾಡುವವರ ಊರಿನಲ್ಲೇ ಉಳಿದ. ತಮ್ಮ ಪಶ್ಚಿಮಕ್ಕೆ ಹೋದ, ಅಲ್ಲಿಯ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡರು. ಆಮೇಲೆ ಜರ್ಮನಿಯೊಡನೆ ಯುದ್ಧ ಬಂದಾಗ ಜರ್ಮನ್ ಹೆಸರಿಟ್ಟುಕೊಳ್ಳಲು ಹೆದರಿ ಅಣ್ಣನ ಕಡೆಯ ಕೆಲವರೂ ಎಸ್‌ಗೆ ಸರಿದರು. ಉಳಿದವರು ಅವರನ್ನು ಹೆಸರು ಬಿಸಾಡಿದವರು ಎಂದರು. ಜಗಳದ ಮೂಲ ಅದು.

ಆ ಹೆಸರಿಗೆ ಅರ್ಥವೇನು ಎಂಬುದು ಅಕ್ಕನ ಮುಂದಿನ ಪ್ರಶ್ನೆ. ಅದರಲ್ಲೂ ಎರಡು ಪಂಗಡವಿತ್ತು. ಎಸ್ ಕಡೆಯವರು ಸೆಟಲ್‌ಮನ್ ಎಂದರೆ ಹೊಸ ನೆಲದಲ್ಲಿ ನೆಲೆಸಿದವನು ಎನ್ನುತ್ತಿದ್ದರು. ಝಡ್ ಕಡೆಯವರು ಜರ್ಮನ್ ನಿಘಂಟು ನೋಡಿದ್ದರು. ಝೆಟಲ್ ಎಂದರೆ ಕಾಗದದ ಚೀಟಿ, ಹಾಗಾಗಿ ತಮ್ಮ ಹಿರಿಯರು ಯಾರೋ ದೊಡ್ಡವರ ಕಚೇರಿಯಲ್ಲಿ ಬರವಣಿಗೆಯವರು ಎಂದು ಹೆಮ್ಮೆಪಡುತ್ತಿದ್ದರು. ಜರ್ಮನಿಯಲ್ಲಿ ಅದನ್ನು 'ತ್ಸೆಟಲ್' ಎನ್ನುತ್ತಾರಂತೆ.

ಇದನ್ನು ನಾನು ಓದಿ ಹೇಳುತ್ತಿದ್ದಾಗ ಅಕ್ಕ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕಾಗದದಲ್ಲಿದ್ದ ಝೆಟಲ್ ಎಂಬ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಆಮೇಲೆ, "ಕಣ್ಣು, ಈ ಎಳುತ್ತು ಹಿಂಗೇ ಸಾಲಾಗಿ ನಾನು ನೋಡಿದೀನಿ. ಈ ಆರ್ಡರಿಗೆ ಮುಂಚೆ. ಚಿಕ್ಕವಳಿದ್ದಾಗ" ಎಂದರು. ಎಳುತ್ತು ಎಂದರೆ ಅಕ್ಷರ.

ಅವರ ಅಣ್ಣ ಪೆರಿಯನಾಯಕನಪಾಳ್ಯದ ಒಂದು ವರ್ಕ್‌ಶಾಪಿನಲ್ಲಿದ್ದರಂತೆ. ಮಿಲ್ಲುಗಳ ಹಳೇ ಯಂತ್ರಗಳನ್ನು ಬಿಚ್ಚಿ ಸರಿಮಾಡುವ ಜಾಗ. ರಜೆಯಲ್ಲಿ ಅಣ್ಣನ ಮನೆಗೆ ಹೋದಾಗ ಮಧ್ಯಾಹ್ನದ ಬುತ್ತಿ ಕೊಂಡೊಯ್ಯುವುದು ಇವರ ಪಾಲಿನ ಕೆಲಸ. ಅಣ್ಣ ಕೈ ತೊಳೆದು ಬರುವವರೆಗೆ ಒಂದು ಯಂತ್ರದ ತಗಡಿನ ಫಲಕ ನೋಡಿಕೊಂಡು, ಅದರ ಅಕ್ಷರಗಳನ್ನು ಕಡ್ಡಿಯಿಂದ ಮಣ್ಣಿನಲ್ಲಿ ಬರೆಯುತ್ತಿದ್ದರು. ಶಾಲೆಯಲ್ಲಿ ಯಾರೂ ಝಡ್‌ನವರೆಗೆ ಕಲಿಸಿರಲಿಲ್ಲ. ಅವರು ಝಡ್ ಕಲಿತದ್ದು ಆ ಫಲಕದಿಂದ, ಅದರಲ್ಲಿದ್ದ ಇದೇ ಝೆಟಲ್ ಎಂಬ ಅಕ್ಷರಗಳಿಂದ.

ಭಾನುವಾರ ಇಬ್ಬರೂ ಹೊರಟೆವು. ಕೊಯಮತ್ತೂರಿಗೆ ಒಂದು ಬಸ್ಸು, ಅಲ್ಲಿಂದ ಮೇಟ್ಟುಪಾಳ್ಯಂ ರಸ್ತೆಯಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಅಕ್ಕ ಕಿಟಕಿಯಾಚೆಯ ಅಂಗಡಿ ಬೋರ್ಡುಗಳ ತಪ್ಪು ಎಣಿಸುತ್ತಿದ್ದರು. ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು. ವರ್ಕ್‌ಶಾಪ್ ಇತ್ತು. ಅದರ ಹಳೇ ಮೇಸ್ತ್ರಿಯೂ ಇದ್ದರು, ಈಗ ಮಗ ನಡೆಸುವುದನ್ನು ಕುರ್ಚಿಯಲ್ಲಿ ಕೂತು ನೋಡುವವರು. ಅಕ್ಕ ಅಣ್ಣನ ಹೆಸರು ಹೇಳಿದರು. ಮೇಸ್ತ್ರಿ ಇವರ ಮುಖ ದಿಟ್ಟಿಸಿ, "ಬುತ್ತಿ ತರುತ್ತಿದ್ದ ಹುಡುಗಿಯಾ ನೀನು?" ಎಂದು ತಮಿಳಿನಲ್ಲಿ ಕೇಳಿದರು.

ಆ ಯಂತ್ರ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಅಕ್ಕನ ಮುಖ ಇಳಿದುಹೋಯಿತು. ಮೇಸ್ತ್ರಿ ಎದ್ದು ಬೀರು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಒಂದು ಎಣ್ಣೆಗಲೆಯ ಪುಸ್ತಕ ತಂದರು. ಅದೇ ಯಂತ್ರದ ಕೈಪಿಡಿ, ಯಂತ್ರ ಜರ್ಮನಿಯದಾಗಿತ್ತು. ಪ್ರತಿ ಪುಟದಲ್ಲೂ ಭಾಗಗಳ ಚಿತ್ರ, ಎಡಗಡೆ ಜರ್ಮನ್ ಹೆಸರು, ಬಲಗಡೆ ಇಂಗ್ಲಿಷ್ ಹೆಸರು. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಪುಟ ತಿರುವಿದರು. ಮೂರನೆಯದರಲ್ಲಿ ನಿಂತರು. ಎಡಗಡೆ ಝೆಟಲ್‌ಬೌಮ್ ಎಂದಿತ್ತು.

"ಬಲಗಡೆ ಏನಿದೆ? ಓದು."

"ವಾರ್ಪ್ ಬೀಮ್," ಎಂದೆ.

ಚಿತ್ರದಲ್ಲಿ ಒಂದು ದೊಡ್ಡ ಉರುಳೆ, ಅದರ ತುಂಬ ಒತ್ತೊತ್ತಾಗಿ ಸುತ್ತಿದ ನೂಲು. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ, ಅಕ್ಕನ ಮನೆಯಲ್ಲಿ ತಮಿಳಿನಂತೆ ಪಾವು ಎನ್ನುತ್ತಾರೆ. ನಾನು ವಿವರಿಸಬೇಕಾಗಿಯೇ ಬರಲಿಲ್ಲ. ಚಿತ್ರ ನೋಡಿದ ಕೂಡಲೇ, "ಪಾವು. ಝೆಟಲ್ ಅಂದ್ರೆ ಪಾವು. ಇವರು ಚೀಟಿ ಬರೆದವರಲ್ಲ, ಪಾವು ಹಾಕಿದವರು" ಎಂದರು. ಧ್ವನಿ ಏರಿಸಲಿಲ್ಲ. ಆ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ನನ್ನ ಕಡೆ ತಿರುಗಿದರು. "ಆ ಅಮ್ಮನಿಗೆ ಒಂದು ಕೇಳು. ಅವರ ತಾತಂದಿರು ಏನು ವೇಲೆ ಮಾಡ್ತಿದ್ರು ಅಂತ. ನಾವು ಕಂಡದ್ದು ಮೊದಲೇ ಹೇಳ್ಬೇಡ."

ಹಾಗೇ ಬರೆದೆ. ಉತ್ತರಕ್ಕೆ ಹತ್ತು ದಿನ ಹಿಡಿಯಿತು. ಅಷ್ಟು ದಿನವೂ ಬೆಳಿಗ್ಗೆ ಬಂದ ತಕ್ಷಣ ನನ್ನ ಕಡೆ ಹುಬ್ಬು ಹಾರಿಸುತ್ತಿದ್ದರು, ನಾನು ಇಲ್ಲವೆಂದು ತಲೆಯಾಡಿಸಿದರೆ ಸ್ಕೇಲು ತೆಗೆದುಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಕೊನೆಗೆ ಬಂತು. ಊರಿನ ಚರ್ಚಿನ ಹಳೇ ದಾಖಲೆಯಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರಿನ ಮುಂದೆಯೂ ನೇಕಾರ ಎಂದು ಬರೆದಿದೆ, ಯಾಕೆ ಕೇಳುತ್ತೀರಿ ಎಂದಿದ್ದರು ಅಜ್ಜಿ. ಆಗ ಕೈಪಿಡಿಯ ಪುಟದ ಚಿತ್ರ ಕಳಿಸಿದೆವು. ಅದೇ ದಿನ ಉತ್ತರ ಬಂತು. ನಿಘಂಟು ತೆಗೆದು ಮತ್ತೆ ನೋಡಿದರಂತೆ. ಚೀಟಿ ಎಂಬುದು ಮೊದಲನೇ ಅರ್ಥ, ಅದರ ಕೆಳಗೆ ಸಣ್ಣಕ್ಷರದಲ್ಲಿ ನೇಯ್ಗೆಯವರ ಅರ್ಥವೂ ಇತ್ತು. "ನಾವು ಮೊದಲನೆಯದಕ್ಕೇ ನಿಂತುಬಿಟ್ಟಿದ್ದೆವು. ಹೆಸರು ಅದರಿಂದಲೇ ಬಂತು ಎಂದು ಖಂಡಿತವಾಗಿ ಹೇಳಲಾರೆ. ಆದರೆ ಉಳಿದೆರಡು ಕತೆಗಳಿಗಿಂತ ಇದನ್ನು ನಂಬುತ್ತೇನೆ" ಎಂದು ಬರೆದಿದ್ದರು.

"ಖಂಡಿತ ಇಲ್ಲ ಅಂತ ಹೇಳ್ತಾರಲ್ಲ, ಒಳ್ಳೆ ಹೆಂಗಸು," ಎಂದರು ಅಕ್ಕ.

ಕೂಟ ನಡೆದ ಮೇಲೆ ಫೋಟೋ ಬಂತು. ಹುಲ್ಲಿನ ಮೇಲೆ ನೀಲಿ ಟಿ-ಶರ್ಟಿನ ಜನ, ಅಜ್ಜಂದಿರಿಂದ ಕೈಗೂಸಿನವರೆಗೆ, ಝಡ್ ಮತ್ತು ಎಸ್ ಬೆರೆತು ನಿಂತಿದ್ದರು. ಅಕ್ಕ ಮುಖ ನೋಡುವ ಮೊದಲು ಎದೆಯ ಅಕ್ಷರ ನೋಡಿದರು. ಜೊತೆಗೆ ಅಜ್ಜಿ ಇನ್ನೊಂದು ಮಾತು ಬರೆದಿದ್ದರು. ತಮ್ಮ ಹೆಸರು ಎಲ್ಲಿಂದ ಬಂತು, ಅಮೆರಿಕದಲ್ಲಿ ಎಲ್ಲೆಲ್ಲಿ ಹರಡಿತು ಎಂಬುದನ್ನು ಒಂದು ಪುಟ್ಟ ಪುಸ್ತಕ ಮಾಡಿಸುತ್ತಿದ್ದಾರೆ. ಮೊದಲ ಪುಟದಲ್ಲಿ ಅಕ್ಕನಿಗೆ ಕೃತಜ್ಞತೆ ಹಾಕಬೇಕು. ಅವರ ಅಡ್ಡಹೆಸರು ಏನು? ಅದನ್ನು ಅವರ ಭಾಷೆಯ ಲಿಪಿಯಲ್ಲೂ ಬರೆದು ಕಳಿಸಿ.

"ನಂಗೆ ಎರಡು ಇದೆ," ಎಂದರು ಅಕ್ಕ. "ಹುಟ್ಟಿದ ಮನೇದು ಒಂದು, ಕೊಟ್ಟ ಮನೇದು ಒಂದು. ಯಾವ ಕಾಗದದಲ್ಲೂ ಎರಡೂ ಇಲ್ಲ."

ಅವರ ಜನರಲ್ಲಿ ಪ್ರತಿ ಮನೆತನಕ್ಕೂ ಒಂದು ಹೆಸರಿದೆ. ಮದುವೆ ಮಾತಿನಲ್ಲಿ, ದೇವರ ಕಾರ್ಯದಲ್ಲಿ ಮಾತ್ರ ಅದು ಬಾಯಿಗೆ ಬರುತ್ತದೆ. ಹುಟ್ಟಿದ ಮನೆಯದನ್ನೇ ಕೊಡುವುದು ಎಂದು ನಿರ್ಧರಿಸಿದರು. ಉಪ್ಪೇಲಾರು. ನಾನು, "ಅಂದ್ರೇನಕ್ಕ?" ಎಂದೆ. ಎಲ್ಲರ ಹೆಸರಿನ ಅರ್ಥ ಕೇಳಿದ ಹೆಂಗಸು ತಲೆ ತಗ್ಗಿಸಿದರು. ನೆಗಮಂನಲ್ಲಿದ್ದ ಅಪ್ಪನ ಅಕ್ಕನಿಗೆ ಅಲ್ಲೇ ಫೋನ್ ಮಾಡಿದರು. ನನಗೂ ಕೇಳುವಂತೆ ಇಟ್ಟರು.

"ಅತ್ತೆ, ಉಪ್ಪೇಲಾರು ಅಂದ್ರೆ ಏನು?"

"ಏನಂದ್ರೆ? ನಾವು."

"ಅದಲ್ಲ. ಯಾಕೆ ಆ ಹೆಸರು ಬಂತು?"

"ಉಪ್ಪು ಮಾರ್ತಿದ್ರೋ ಏನೋ. ಯಾವ್ದೋ ಮದುವೇಲಿ ಉಪ್ಪು ಹಾಕೋದು ಮರ್ತಿದ್ರು ಅಂತ ಒಬ್ರು ಹೇಳ್ತಿದ್ರು. ಯಾರ ಮನೆಗೆ ಹೆಣ್ಣು ಕೊಡಬಾರದು ಅಂತ ತಿಳ್ಕೊಳ್ಳೋಕೆ ಹೆಸರು. ಅರ್ಥ ಯಾಕೆ ಈಗ?"

ನಾನು ಒಂದು ಬಿಳಿ ಹಾಳೆಯಲ್ಲಿ ದೊಡ್ಡದಾಗಿ ಕನ್ನಡದಲ್ಲಿ ಬರೆದುಕೊಟ್ಟೆ. ಸಹಿ ಹಾಕಿ ಅಕ್ಕ, ಕಳಿಸುತ್ತೇನೆ ಎಂದೆ. ಅವರು ಹಾಳೆಯನ್ನು ಕೊನೆಯಿಂದ ಮೊದಲಿಗೆ ನೋಡಿದರು, ಮೊದಲಿನಿಂದ ಕೊನೆಗೆ ನೋಡಿದರು. "ಕೊಂಜ ಇರಲಿ, ಸ್ವಲ್ಪ ತಡಿ. ನಂಗೆ ಬರದ ಎಳುತ್ತಿಗೆ ನಾನು ಹೆಂಗೆ ಸಹಿ ಹಾಕೋದು? ನಂಗೆ ಅಕ್ಷರ ಹೇಳ್ಕೊಡು" ಎಂದರು.

ಊಟದ ಹೊತ್ತಿನಲ್ಲಿ ಪಾಠ ನಡೆಯಿತು. ಅ ಆ ಇ ಈಯಿಂದ ಶುರು ಮಾಡಿ ಕಾಗುಣಿತದವರೆಗೆ. ಒತ್ತಕ್ಷರ ಬಂದಾಗ, "ಇದೇನು, ಒಬ್ಬರ ಕಾಲ ಕೆಳಗೆ ಇನ್ನೊಬ್ಬರು" ಎಂದು ಬೇಸರಪಟ್ಟರು. ಮೂರು ವಾರ ಹಿಡಿಯಿತು. ಒಂದು ಮಧ್ಯಾಹ್ನ ಆ ಹಾಳೆ ತರಿಸಿಕೊಂಡು, ಸ್ಕೇಲು ಇಟ್ಟು, ಹಿಂದಿನಿಂದ ಮುಂದಕ್ಕೆ ನೋಡುತ್ತಾ ಬಂದರು. ನಡುವೆ ನಿಂತರು.

"ಇದು ತಪ್ಪು."

ನಾನು ಬರೆದದ್ದು 'ಉಪ್ಪೇಲಿಯವರು' ಎಂದು. ಆರು ಅಕ್ಷರ. ಬೇಕೆಂದು ಬದಲಿಸಿದ್ದಲ್ಲ. ಅವರ ಬಾಯಲ್ಲಿ ಸವೆದು ಸಣ್ಣದಾಗಿರುವ ಪದ ಬರೆಯುವಾಗ ಹೀಗಿರಬೇಕು ಎಂದು ನನ್ನ ಕೈಗೆ ತಾನಾಗಿಯೇ ಅನ್ನಿಸಿತ್ತು.

"ನಾವು ಹೇಳೋದು ನಾಕೇ ಎಳುತ್ತು. ಉ, ಪ್ಪೇ, ಲಾ, ರು. ಈ 'ಲಿ' ಎಲ್ಲಿಂದ ಬಂತು? ಈ 'ಯವ' ಯಾರದ್ದು?"

"ಅದು ಸರಿಯಾದ ಕನ್ನಡ ಅಕ್ಕ..." ಎಂದು ಶುರು ಮಾಡಿ ನಿಲ್ಲಿಸಿದೆ. ಅಕ್ಕ ಹೊಸ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. ನಾನು ನಾಲ್ಕೇ ಅಕ್ಷರ ಬರೆದೆ. ಅವರು ನೋಡಿ, ಕೆಳಗೆ ಸಹಿ ಹಾಕಿದರು.

ಪುಸ್ತಕ ಅಂಚೆಯಲ್ಲಿ ಬಂದದ್ದು ದೀಪಾವಳಿಗೆ ಸ್ವಲ್ಪ ಮುಂಚೆ. ತೆಳುವಾದದ್ದು, ನೀಲಿ ರಟ್ಟು. ನಡುವಿನ ಎರಡು ಪುಟದಲ್ಲಿ ಅಮೆರಿಕದ ನಕ್ಷೆ, ಅದರಲ್ಲಿ ಅಕ್ಕ ನೋಟುಬುಕ್ಕಿನಲ್ಲಿ ಇಟ್ಟಿದ್ದಂತೆಯೇ ಕೆಂಪು ನೀಲಿ ಚುಕ್ಕೆ. ಮೊದಲ ಪುಟದಲ್ಲಿ ಇಂಗ್ಲಿಷಿನ ನಾಲ್ಕು ಸಾಲು, ಅದರ ಕೆಳಗೆ ಕನ್ನಡದಲ್ಲಿ ಒಂದು ಪದ.

ಅದನ್ನು ಅತ್ತೆಗೆ ತೋರಿಸಲು ನೆಗಮಂಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ಮುಂದಿನ ಕೋಣೆಯಲ್ಲಿ ಅತ್ತೆಯ ಮಗ ಸೀರೆ ನೇಯುತ್ತಿದ್ದ. ಅತ್ತೆ ಗೋಡೆಗೊರಗಿ ಕಾಲು ಚಾಚಿ ರಾಟೆ ತಿರುಗಿಸುತ್ತಾ ನೂಲು ಸುತ್ತುತ್ತಿದ್ದರು. ಅಕ್ಕ ಎದುರಿಗೆ ಕೂತು ಪುಸ್ತಕ ತೆರೆದು ಹಿಡಿದರು. ಅತ್ತೆ ರಾಟೆ ನಿಲ್ಲಿಸದೆ ಕಣ್ಣು ಕಿರಿದು ಮಾಡಿ ನೋಡಿದರು. "ತಮಿಳಲ್ಲವಲ್ಲ. ಏನಿದು?"

"ನಮ್ಮಾತು ಅತ್ತೆ. ನಾವು ಮನೇಲಿ ಆಡ್ತೀವಲ್ಲ, ಅದನ್ನ ಬರೆದ್ರೆ ಹಿಂಗಿರುತ್ತೆ."

"ಓದೋಕೆ ಬರುತ್ತಾ ನಿಂಗೆ?"

ಅಕ್ಕ ಪದದ ಕೆಳಗೆ ಬೆರಳಿಟ್ಟು, ಈ ಸಲ ಮೊದಲಿನಿಂದ ಕೊನೆಗೆ, ಒಂದೊಂದೇ ಅಕ್ಷರ ಓದಿದರು. ಅತ್ತೆಯ ರಾಟೆ ನಿಂತಿತು. ಮುಂದಿನ ಕೋಣೆಯ ಮಗ್ಗದ ಸದ್ದೂ ನಿಂತಿತು.

"ಇನ್ನೊಂದು ಸಲ ಓದು," ಎಂದರು ಅತ್ತೆ.

ಅಕ್ಕ ಬೆರಳು ತೆಗೆದು ಒಂದೇ ಉಸಿರಿಗೆ ಓದಿದರು.